ಕಾರು ಕಟ್ಟಿದವರ ಧರ್ಮಪತ್ನಿ

ನಮ್ಮ ಕೆಳಗಿನ ಮನೆಯಲ್ಲಿದ್ದ ಅಕ್ಕ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ದೋಹಾದ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ. ವೆಸ್ಟ್ ಬೇಯ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುತ್ತ ಕೂತಿದ್ದೆ. ಮೊದಲು ಅವರ ಗಂಡನ ಹೆಸರು, ಅದರ ಮುಂದೆ "ಸ್ವಂತ ಕೈಯಿಂದ ಕಾರು ನಿರ್ಮಿಸಿ ಕತಾರಿನ ಕನ್ನಡಿಗರಿಗೆ ಹೆಮ್ಮೆ ತಂದವರು" ಎಂಬ ಬಿರುದು. ಆಮೇಲೆ, "ಇವರ ಧರ್ಮಪತ್ನಿ, ಸ್ನೇಹಮಯಿ, ಅತಿಥಿ ಸತ್ಕಾರಕ್ಕೆ ಹೆಸರಾಗಿದ್ದ ಶ್ರೀಮತಿಯವರು ಊರಿನಲ್ಲಿ ನಿಧನರಾದರೆಂದು ತಿಳಿಸಲು ವಿಷಾದಿಸುತ್ತೇವೆ" ಎಂದಿತ್ತು. ಕೆಳಗೆ ಕೈಮುಗಿದ ಚಿತ್ರಗಳ ಸಾಲು ಬೆಳೆಯುತ್ತಲೇ ಇತ್ತು.

ನಾನು ಡಬ್ಬಿ ಮುಚ್ಚಿದೆ. ದುಃಖ ಆಮೇಲೆ ಬಂತು. ಮೊದಲು ಬಂದದ್ದು ಸಿಟ್ಟು. ಅದು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡಬೇಕು ಅಂತ ಕೂತಿದ್ದೇನೆ.

ಅಕ್ಕ ಸ್ನೇಹಮಯಿ ಆಗಿರಲಿಲ್ಲ. ಬಾಗಿಲು ತಟ್ಟಿದವರಿಗೆ ಅವರು ಮೊದಲು ಹೇಳುತ್ತಿದ್ದ ಮಾತು "ಎಂತ?" ಎಂಬುದು. ಅದರ ನಂತರ ಒಳಗೆ ಕರೆದರೆ ಕರೆದರು, ಇಲ್ಲದಿದ್ದರೆ ಇಲ್ಲ. ಅವರ ಇಡ್ಲಿಯನ್ನು ಹೊಗಳಿದವರನ್ನು ನಾನು ಕಂಡಿಲ್ಲ. ಬಂದವರಿಗೆ ಅಂಗಡಿಯ ಬಿಸ್ಕತ್ತನ್ನು ಪ್ಯಾಕೆಟ್ಟಿನ ಸಮೇತ ಮುಂದಿಟ್ಟು, "ತಗೊಳ್ಳಿ, ಬೇಕಾದ್ರೆ" ಎನ್ನುತ್ತಿದ್ದರು. ಮತ್ತು ಆ ಕಾರನ್ನು ಕಟ್ಟಿದ್ದು ಅವರ ಗಂಡ ಅಲ್ಲ. ಅಕ್ಕ ಕಟ್ಟಿದ್ದು. ನನ್ನ ಕಣ್ಣೆದುರಿಗೇ, ನಮ್ಮ ಅಡುಗೆಮನೆಯ ಕಿಟಕಿಯ ಕೆಳಗೇ ಕಟ್ಟಿದ್ದು.

ಅಲ್ ಮುಂತಜಾದ ಹಳೆಯ ವಿಲ್ಲಾ ಅದು. ಮಾಲೀಕರು ಅದನ್ನು ಭಾಗ ಮಾಡಿ ಬಾಡಿಗೆಗೆ ಕೊಟ್ಟಿದ್ದರು. ನಾನೂ ನನ್ನ ಗಂಡನೂ ಮೈಸೂರಿನಿಂದ ಬಂದು ಮೇಲಿನ ಭಾಗಕ್ಕೆ ಸೇರಿಕೊಂಡೆವು. ಕೆಳಗಿನ ಭಾಗ, ಎತ್ತರದ ಗೋಡೆಯ ಅಂಗಳ, ಅಂಗಳದ ಮೂಲೆಯ ತಗಡಿನ ಶೆಡ್ಡು ಅಕ್ಕನವರದು. ಬಂದ ಮರುದಿನ ಕೆಳಗಿಳಿದರೆ ಶೆಡ್ಡಿನಲ್ಲಿ ಒಂದು ಬದಿ ಪೂರ್ತಿ ಜಜ್ಜಿಹೋಗಿದ್ದ ಹಳೆಯ ಜಪಾನಿ ಕಾರು ನಿಂತಿತ್ತು. ಅದರ ಅಡಿಯಿಂದ ಎರಡು ಪಾದಗಳು ಹೊರಗೆ ಚಾಚಿದ್ದವು. ಕಾಲುಂಗುರ ಇತ್ತು. ಗಾಬರಿಯಾಗಿ ನಿಂತೆ.

"ಯಾರದು? ಮೇಲಿನವಳಾ?" ಕಾರಿನಡಿಯಿಂದ ದನಿ ಬಂತು. "ಅಲ್ಲಿ ಡಬ್ಬಿಯಲ್ಲಿ ಹದಿನಾಲ್ಕರ ಸ್ಪ್ಯಾನರ್ ಉಂಟು. ಸ್ವಲ್ಪ ಕೊಡು ಮಾರಾಯ್ತಿ."

ಕೈಗೆ ಸಿಕ್ಕಿದ್ದನ್ನು ಕೊಟ್ಟೆ. ಅದು ನೆಲದ ಮೇಲೆ ಜಾರಿಕೊಂಡು ವಾಪಸು ಬಂತು.

"ಇದು ಹನ್ನೆರಡು. ಅದರ ಮೇಲೆ ಬರ್ದದ್ದುಂಟಲ್ಲ. ಓದ್ಲಿಕ್ಕೆ ಬರುದಿಲ್ವಾ ನಿಂಗೆ?"

ನಮ್ಮ ಪರಿಚಯ ಆದದ್ದು ಹೀಗೆ.

ಕಿಟ್ ಕಾರು ಎಂಬುದೊಂದಿದೆ ಎಂದು ನನಗೆ ಗೊತ್ತಾದದ್ದೇ ಅವರಿಂದ. ಹೊರದೇಶದ ಒಂದು ಕಂಪನಿ ಉಕ್ಕಿನ ಕೊಳವೆಗಳ ಚೌಕಟ್ಟು, ಫೈಬರಿನ ಹೊದಿಕೆ, ಚಕ್ರಗಳನ್ನು ಹಿಡಿಯುವ ತೋಳುಗಳು, ಒಂದು ಕೈಪಿಡಿ ಇಷ್ಟನ್ನು ಪೆಟ್ಟಿಗೆಗಳಲ್ಲಿ ತುಂಬಿ ಕಳಿಸುತ್ತದೆ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಸ್ಟಿಯರಿಂಗ್, ಬ್ರೇಕು, ವೈರು ಎಲ್ಲವನ್ನೂ ಒಂದು ಹಳೆಯ ಕಾರಿನಿಂದ ಬಿಚ್ಚಿ ನಾವೇ ಜೋಡಿಸಿಕೊಳ್ಳಬೇಕು. ಹಾಗೆ ಬಿಡಿಭಾಗ ಕೊಡುವ ಕಾರಿಗೆ ಡೋನರ್ ಎನ್ನುತ್ತಾರಂತೆ.

"ಡೋನರ್ ಅಂತೆ" ಅಂತ ಅಕ್ಕ ಮುಖ ಸಿಂಡರಿಸುತ್ತಿದ್ದರು. "ಅದು ಎಂತ ಕೊಟ್ಟದ್ದು? ಎಂತದೂ ಕೊಡ್ಲಿಲ್ಲ. ಒಂದೊಂದು ಬೋಲ್ಟಿಗೂ ನನ್ನ ಹತ್ರ ಜಗಳ ಮಾಡಿದೆ."

ಅವರು ಊರಲ್ಲಿ ಪಾಲಿಟೆಕ್ನಿಕ್ಕಿನಲ್ಲಿ ಆಟೊಮೊಬೈಲ್ ಓದಿದವರು. ತರಗತಿಯಲ್ಲಿ ಒಬ್ಬಳೇ ಹುಡುಗಿ. ಓದು ಮುಗಿಸಿ ಒಂದು ಶೋರೂಮಿನ ಸರ್ವೀಸ್ ವಿಭಾಗಕ್ಕೆ ಸೇರಿದರೆ ಅಲ್ಲಿ ಅವರನ್ನು ಗಾಜಿನ ಕೌಂಟರಿನ ಹಿಂದೆ ಕೂರಿಸಿ, ಗಿರಾಕಿಗಳಿಗೆ ನಮಸ್ಕಾರ ಹೇಳುವ ಕೆಲಸ ಕೊಟ್ಟರು. ಕಾರುಗಳು ಗಾಜಿನ ಆಚೆ. ಆಮೇಲೆ ಮದುವೆ, ದೋಹಾ, ಮಗಳು. ವರ್ಷಗಟ್ಟಲೆ ಅಕ್ಕಪಕ್ಕದ ಮಕ್ಕಳಿಗೆ ಲೆಕ್ಕದ ಪಾಠ. ಮಗಳು ಊರಿನ ಕಾಲೇಜಿಗೆ ಹೋದ ವರ್ಷ ಪಾಠದ ಸಂಪಾದನೆಯಲ್ಲಿ ಈ ಪೆಟ್ಟಿಗೆಗಳನ್ನು ತರಿಸಿದರು.

"ಇದೆಲ್ಲ ಯಾಕಕ್ಕ ನಿಮಗೆ?" ಎಂದು ಶುರುವಿನಲ್ಲಿ ಒಮ್ಮೆ ಕೇಳಿದ್ದೆ.

"ಇವ್ರು ಶುಕ್ರವಾರ ಶುಕ್ರವಾರ ಬ್ಯಾಡ್ಮಿಂಟನ್ ಆಡ್ಲಿಕ್ಕೆ ಹೋಗ್ತಾರೆ. ಯಾಕೆ ಅಂತ ಯಾರಾದ್ರೂ ಕೇಳ್ತಾರಾ?"

ಮತ್ತೆ ಕೇಳಲಿಲ್ಲ.

ಬೇಸಿಗೆಯಲ್ಲಿ ಆ ತಗಡಿನ ಶೆಡ್ಡಿನೊಳಗೆ ನಿಲ್ಲುವುದೆಂದರೆ ಒಲೆಯೊಳಗೆ ನಿಂತ ಹಾಗೆ. ಸ್ಪ್ಯಾನರ್ ಮುಟ್ಟಿದರೆ ಕೈಯಲ್ಲಿ ಬೊಬ್ಬೆ ಏಳುತ್ತಿತ್ತು. ಅಕ್ಕ ಸ್ಪ್ಯಾನರುಗಳನ್ನು ಒಳಗೆ ತಂದು ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿಟ್ಟರು, ತರಕಾರಿ ಮೇಜಿನ ಮೇಲೆ ಬಾಡಿತು. ಫ್ರೀಜರಿನಲ್ಲಿ ಬಂಗುಡೆಯ ಪಕ್ಕ ಚಕ್ರದ ತೋಳಿಗೆ ಕೂರಿಸುವ ಬುಷ್‌ಗಳಿರುತ್ತಿದ್ದವು. ತಣ್ಣಗಾದರೆ ಒಂದಿಷ್ಟು ಕುಗ್ಗುತ್ತವೆ, ಆಗ ಒಳಗೆ ಕೂರಿಸುವುದು ಸುಲಭ. ಅಕ್ಕನ ಗಂಡ ಒಮ್ಮೆ ಮೀನೆಂದುಕೊಂಡು ಆ ಪೊಟ್ಟಣವನ್ನು ಸಿಂಕಿನಲ್ಲಿ ನೆನೆಹಾಕಿದ್ದರು. ಅಕ್ಕನ ಅವತ್ತಿನ ಕೂಗು ನಮ್ಮ ಮನೆಗೂ ಕೇಳಿತ್ತು.

ಡೋನರ್ ಕಾರಿನ ವೈರುಗಳ ಕಟ್ಟನ್ನು ಬಿಡಿಸಿ ಹಜಾರದ ಸೋಫಾದ ಮೇಲೆ, ಟೀವಿಯ ಮೇಲೆ, ಊಟದ ಮೇಜಿನ ಮೇಲೆ ಹರಡಿದ್ದರು. ಬೇಡವಾದ ವೈರನ್ನು ಒಂದೊಂದಾಗಿ ಹುಡುಕಿ ತೆಗೆಯಬೇಕು. ಎರಡು ತಿಂಗಳು ಆ ಮನೆಯಲ್ಲಿ ಯಾರೂ ಸೋಫಾದ ಮೇಲೆ ಕೂರಲಿಲ್ಲ. ಬಂದವರು ವೈರು ದಾಟಿಕೊಂಡು ಹೋಗಿ ಗಂಡನನ್ನು ಕೇಳುತ್ತಿದ್ದರು:

"ಏನ್ ಸಾರ್, ಕಾರ್ ಕಟ್ತಿದೀರಂತೆ? ಗ್ರೇಟ್ ಸಾರ್ ನೀವು!"

ಗಂಡ ನಗುತ್ತಿದ್ದರು. "ಹೀಗೇ ಒಂದು ಹವ್ಯಾಸ" ಎನ್ನುತ್ತಿದ್ದರು. ಯಾರ ಹವ್ಯಾಸ ಎಂದು ಹೇಳುತ್ತಿರಲಿಲ್ಲ. ಸುಳ್ಳು ಹೇಳಿದರು ಎನ್ನಲಿಕ್ಕೂ ಬಾರದ ಹಾಗೆ ಹೇಳುವ ಮಾತು ಅದು.

ಮೊದಮೊದಲು ಅಕ್ಕ ಅಡುಗೆಮನೆಯಿಂದಲೇ, "ಅವ್ರಲ್ಲ, ನಾನು ಕಟ್ಟುದು" ಎಂದು ಕೂಗುತ್ತಿದ್ದರು. ಬಂದವರು ಗಟ್ಟಿಯಾಗಿ ನಗುತ್ತಿದ್ದರು. "ಮೇಡಂ ಒಳ್ಳೆ ಜೋಕ್ ಮಾಡ್ತಾರೆ ಸಾರ್." ಅಕ್ಕನ ಎಣ್ಣೆ ಮೆತ್ತಿದ ಉಗುರುಗಳ ಆ ಕೈಯಿಂದಲೇ ಚಹಾ ತೆಗೆದುಕೊಳ್ಳುತ್ತಿದ್ದರು, ನಗುತ್ತಲೇ ಇರುತ್ತಿದ್ದರು. ಅದನ್ನು ನೋಡಿ ನನ್ನ ಮೈ ಉರಿಯುತ್ತಿತ್ತು.

ಅಕ್ಕನ ಗಂಡ ಕೆಟ್ಟವರಲ್ಲ. ಇದನ್ನು ಬರೆಯದಿದ್ದರೆ ತಪ್ಪಾಗುತ್ತದೆ, ಬರೆಯುವಾಗ ಸಿಟ್ಟೂ ಬರುತ್ತದೆ. ವೆಸ್ಟ್ ಬೇಯ ಒಂದು ವಿಮಾ ಕಂಪನಿಯಲ್ಲಿ ದೊಡ್ಡ ಹುದ್ದೆ, ಮೆದು ಮಾತು. ಹೆಂಡತಿ ಅಂಗಳದಲ್ಲಿ ಎಂಜಿನ್ ಇಳಿಸಿಟ್ಟರೂ ಬೇಡ ಎನ್ನದ ಮನುಷ್ಯ. ಸಂಘದಲ್ಲಿ ಹೆಂಗಸರೆಲ್ಲ ಹೇಳುತ್ತಿದ್ದರು, "ನಿಮ್ಮವರು ಎಷ್ಟು ಒಳ್ಳೆಯವರು, ಎಲ್ಲದಕ್ಕೂ ಬಿಡ್ತಾರೆ." ಒಳ್ಳೆಯವರ ಮೇಲೆ ಸಿಟ್ಟು ಮಾಡುವುದು ಬಹಳ ಕಷ್ಟ. ಯಾರೂ ನಮ್ಮ ಕಡೆ ಬರುವುದಿಲ್ಲ.

ಇಂಡಸ್ಟ್ರಿಯಲ್ ಏರಿಯಾದ ಲೇತ್ ಅಂಗಡಿಗೆ ಅವರಿಬ್ಬರ ಜೊತೆ ಒಮ್ಮೆ ಹೋಗಿದ್ದೆ. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ತಿರುಗುವ ಉದ್ದನೆಯ ಶಾಫ್ಟನ್ನು ಹೊಸ ಕಾರಿಗೆ ತಕ್ಕಂತೆ ಕತ್ತರಿಸಿ, ಬೆಸೆದು, ಸಮತೂಕ ಮಾಡಿಸಬೇಕಿತ್ತು. ಅಕ್ಕ ಅಳತೆ ಹೇಳಿದರು. ಅಂಗಡಿಯವನು ಅದನ್ನು ಕೇಳಿಸಿಕೊಂಡು, ಗಂಡನ ಕಡೆ ತಿರುಗಿ, "ಸಾಬ್, ಕಿತನಾ ಕಾಟನಾ ಹೈ?" ಎಂದ. ಗಂಡ ಅಕ್ಕನನ್ನು ನೋಡಿದರು. ಅಕ್ಕ ಮತ್ತೆ ಹೇಳಿದರು. ಅವನು ಮತ್ತೆ ಗಂಡನನ್ನೇ ಕೇಳಿದ. ಗಂಡ ಅಕ್ಕ ಹೇಳಿದ್ದನ್ನೇ ಹಿಂದಿಯಲ್ಲಿ ಹೇಳಿದರು. ಆಗ ಅವನು ಬರೆದುಕೊಂಡ.

ಬರುವಾಗ ಕಾರಿನಲ್ಲಿ ಅಕ್ಕ ಹೇಳಿದರು, "ನೀವು 'ಅವಳನ್ನೇ ಕೇಳು' ಹೇಳ್ಬಹುದಿತ್ತು."

"ಕೆಲಸ ಆಯ್ತಲ್ಲ. ಯಾರು ಹೇಳಿದ್ರೆ ಎಂತ?"

"ಯಾರು ಹೇಳಿದ್ರೂ ಆಗ್ತದೆ ಅಂತಾದ್ರೆ ನಾನು ಹೇಳಿದ್ದು ಯಾಕೆ ಆಗ್ಲಿಲ್ಲ?"

ಗಂಡ ರೇಡಿಯೋ ಹಾಕಿದರು.

ಆ ಕಾರನ್ನು ಯಾರು ಕಟ್ಟುತ್ತಿದ್ದಾರೆ ಎಂದು ಸರಿಯಾಗಿ ತಿಳಿದುಕೊಂಡವರು ಒಬ್ಬರೇ, ನಮ್ಮ ಮನೆ ಮಾಲೀಕರು. ಬಿಳಿ ಗಡ್ಡದ ಕತಾರಿ ಮುದುಕರು. ಅಂಗಳಕ್ಕೆ ಬಂದು ಚೌಕಟ್ಟು ನೋಡಿ ಮೊದಲು ಹಾರಾಡಿದರು. "ಮಾಫಿ ಗರಾಜ್! ದಿಸ್ ಹೌಸ್!" ಗ್ಯಾರೇಜು ಮಾಡುವ ಹಾಗಿಲ್ಲ, ಇದು ಮನೆ ಎಂದು. ಅಕ್ಕ ಎದ್ದು ಬಂದು, ಅವರಿಗಿಂತ ದೊಡ್ಡ ದನಿಯಲ್ಲಿ, ಒಂದು ತೊಟ್ಟು ಎಣ್ಣೆ ನೆಲಕ್ಕೆ ಬಿದ್ದಿದ್ದರೆ ತೋರಿಸಿ ಎಂದರು. ಮುದುಕರು ಕೂತು ನೆಲ ನೋಡಿದರು. ಆಮೇಲೆ ನೆಲ ಬಿಟ್ಟು ಆಕ್ಸಲ್ ನೋಡತೊಡಗಿದರು. ಪ್ರಾಯದಲ್ಲಿ ಮರಳುಗಾಡಿನಲ್ಲಿ ಕೆಟ್ಟುನಿಂತ ತಮ್ಮ ಪಿಕಪ್ಪನ್ನು ತಾವೇ ರಿಪೇರಿ ಮಾಡಿಕೊಂಡ ಕತೆ ಅರ್ಧ ಹಿಂದಿಯಲ್ಲಿ ಶುರುವಾಯಿತು. ಅಲ್ಲಿಂದ ಮುಂದೆ ಬಂದಾಗಲೆಲ್ಲ ಗಂಡನನ್ನು ದಾಟಿ ಹೋಗಿ, "ಮದಾಮ್, ಮಕೀನಾ ಚಾಲೂ?" ಎಂದು ಕೇಳುತ್ತಿದ್ದರು. ಎಂಜಿನ್ ಶುರುವಾಯಿತೇ ಎಂದು. ಅವರು ಬಂದ ದಿನ ಅಕ್ಕ ಬಿಸ್ಕತ್ತನ್ನು ತಟ್ಟೆಯಲ್ಲಿ ಹಾಕಿ ಕೊಡುತ್ತಿದ್ದರು.

ನಾನು ಅವರ ಕಾರಿಗೆ ಮಾಡಿದ ಕೆಲಸವೆಂದರೆ ಬ್ರೇಕಿನ ಪೆಡಲ್ ಒತ್ತಿದ್ದು. ಕೊಳವೆಗಳಲ್ಲಿ ಗಾಳಿ ಉಳಿದರೆ ಬ್ರೇಕು ಹಿಡಿಯುವುದಿಲ್ಲ. ಒಬ್ಬರು ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರ ಸಣ್ಣ ತಿರುಪು ಸಡಿಲಿಸಿ ಗಾಳಿ ಬಿಡಬೇಕು. ಸೀಟು ಇನ್ನೂ ಬಂದಿರಲಿಲ್ಲ. ಹಲಗೆಯ ಮೇಲೆ ಕೂತು ಅವರು ಹೇಳಿದ ಹಾಗೆ ಮಾಡಿದೆ.

"ಒತ್ತು... ಹಿಡ್ಕೊ... ಬಿಡ್ಬೇಡ... ಈಗ ಬಿಡು. ಒತ್ತು..."

ನಡುವೆ ನನ್ನ ಫೋನು ಬಡಿಯಿತು. ಕಾಲು ಸಡಿಲವಾಯಿತು. ಅಷ್ಟು ಹೊತ್ತಿನ ಕೆಲಸ ನೀರುಪಾಲು. ಅಕ್ಕ ಎದ್ದು ಬಂದು ನನ್ನ ಮುಂದೆ ನಿಂತರು. ನಿಜವಾದ ಸಿಟ್ಟು ಬಂದಾಗ ಅವರು ಕೂಗುತ್ತಿರಲಿಲ್ಲ. ಚಿಂದಿ ಬಟ್ಟೆಯಿಂದ ಒಂದೊಂದೇ ಬೆರಳನ್ನು ಬುಡದಿಂದ ತುದಿಯವರೆಗೆ ಒರೆಸಿಕೊಳ್ಳುತ್ತಿದ್ದರು, ಐದೂ ಬೆರಳು ಮುಗಿಯುವವರೆಗೆ ಮಾತಿಲ್ಲ.

"ನೀನು ಆಫೀಸಿನಲ್ಲಿ ಎಂತ ಬೇಕಾದ್ರೂ ಮಾಡು" ಅಂದರು. "ಇದು ಬ್ರೇಕು. ಇದ್ರಲ್ಲಿ ಮನುಷ್ಯ ಕೂರ್ಲಿಕ್ಕುಂಟು."

ಎಂಜಿನ್ ಮೊದಲ ಸಲ ಶುರುವಾದ ದಿನ ಸೈಲೆನ್ಸರ್ ಕೂಡ ಇರಲಿಲ್ಲ. ಆ ಸದ್ದಿಗೆ ಗೋಡೆಯ ಮೇಲಿನ ಬೆಕ್ಕುಗಳೆಲ್ಲ ಚದುರಿದವು. ಅಕ್ಕ ಚಪ್ಪಾಳೆ ತಟ್ಟಲಿಲ್ಲ, ಕುಣಿಯಲಿಲ್ಲ. ತಲೆ ಓರೆ ಮಾಡಿ ಕೇಳುತ್ತ ನಿಂತು, "ಮೂರನೇ ಸಿಲಿಂಡರ್ ಸ್ವಲ್ಪ ತಪ್ಪುತ್ತುಂಟು" ಅಂದರು. ಎಲ್ಲ ಮುಗಿದು, ಹಸಿರು ಬಣ್ಣ ಬಳಿದು, ಎರಡು ಸೀಟಿನ ಆ ತೆರೆದ ಕಾರು ಉದ್ದ ಮೂತಿ ಚಾಚಿ ನಿಂತಾಗ ನಾನೇ ಅತ್ತುಬಿಟ್ಟೆ. ಅಕ್ಕ ಹತ್ತಿ ಕೂತು ಶೆಡ್ಡಿನಿಂದ ಗೇಟಿನವರೆಗೆ ಓಡಿಸಿದರು, ಹಿಂದಕ್ಕೆ ಬಂದರು, ಮತ್ತೆ ಹೋದರು. ಮನೆಯಲ್ಲಿ ಕಟ್ಟಿದ ಕಾರನ್ನು ರಸ್ತೆಗಿಳಿಸಲು ಪರವಾನಗಿ ಸಿಗುವುದು ಕಷ್ಟ ಎಂದು ಅವರಿಗೆ ಮೊದಲೇ ಗೊತ್ತಿತ್ತು. ಆ ಅಂಗಳವೇ ಅದರ ಊರು.

"ಎರಡನೇ ಗೇರಿಗೆ ಜಾಗ ಇಲ್ಲ ಮಾರಾಯ್ತಿ" ಎಂದರು ಇಳಿಯುವಾಗ. ದೂರಿದ ಹಾಗಿರಲಿಲ್ಲ, ಆದರೆ ಕಣ್ಣು ಗೇಟಿನ ಮೇಲಿತ್ತು.

ಹಾಗಾಗಿಯೇ ಅವರು ಸಂಘದ ಕಾರ್ಯಕ್ರಮಕ್ಕೆ ಒಪ್ಪಿದ್ದು. ಸಂಘದ ಅಧ್ಯಕ್ಷರು ಬೆಂಗಳೂರಿನ ಕಡೆಯವರು. ಎಲ್ಲರ ಹೆಗಲ ಮೇಲೂ ಕೈಹಾಕಿ ಮಾತಾಡುವ ಮನುಷ್ಯ. ವಾರ್ಷಿಕ ಸಮಾರಂಭದಲ್ಲಿ ಕಾರಿನ ಪ್ರದರ್ಶನ ಇಡೋಣ ಎಂದು ಗಂಡನಿಗೆ ಫೋನ್ ಮಾಡಿದರು. ಗಂಡ ಹೂಂ ಎಂದು ಆಮೇಲೆ ಅಕ್ಕನಿಗೆ ಹೇಳಿದರು. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ.

"ಎಲ್ಲಿ?"

"ಶಾಲೆಯ ಮೈದಾನದಲ್ಲಿ. ಬಾಡಿಗೆಗೆ ತಗೊಂಡಿದ್ದಾರೆ."

"ದೊಡ್ಡ ಮೈದಾನವಾ?"

"ದೊಡ್ಡದು."

"ಹಾಗಾದ್ರೆ ಮೂರನೇ ಗೇರು ಹಾಕ್ಬಹುದು" ಅಂದರು ಅಕ್ಕ. ಮುಖದಲ್ಲಿ ಶಾಲೆಯ ಹುಡುಗಿಯ ಖುಷಿ ಇತ್ತು. ಆ ಮುಖ ನೆನಪಾದಾಗಲೆಲ್ಲ ಮುಂದಿನದ್ದನ್ನು ಕ್ಷಮಿಸಲು ನನ್ನಿಂದ ಆಗುವುದಿಲ್ಲ.

ಕೆಟ್ಟ ಕಾರುಗಳನ್ನು ಹೊರುವ ರಿಕವರಿ ಲಾರಿಯ ಮೇಲೆ ಕಾರು ಹೋಯಿತು. ಮೈದಾನದ ಅರ್ಧಕ್ಕೆ ಹಗ್ಗ ಕಟ್ಟಿ ಅದರೊಳಗೆ ನಿಲ್ಲಿಸಿದ್ದರು. ಅಕ್ಕ ನೀಲಿ ರೇಷ್ಮೆ ಸೀರೆ ಉಟ್ಟಿದ್ದರು, ಉಗುರುಗಳನ್ನು ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ತೊಳೆದಿದ್ದರು. ಹಾಡು, ಕುಣಿತ, ಭಾಷಣ ಎಲ್ಲ ಆದ ಮೇಲೆ ಅಧ್ಯಕ್ಷರು ಮೈಕು ಹಿಡಿದರು.

"ಈಗ ನಮ್ಮ ಕಾರ್ಯಕ್ರಮದ ಹೈಲೈಟ್! ಕತಾರಿನಲ್ಲಿ ಮೊಟ್ಟಮೊದಲ ಬಾರಿಗೆ, ಸ್ವಂತ ಕೈಯಿಂದ ಕಾರು ನಿರ್ಮಿಸಿದ ನಮ್ಮ ಹೆಮ್ಮೆಯ ಕನ್ನಡಿಗ..."

ಗಂಡನ ಹೆಸರು ಕೂಗಿದರು. ನಾನು ಅಕ್ಕನ ಕೈ ಹಿಡಿದೆ. ಗಂಡ ಎದ್ದು ನಿಂತರು. ಒಂದು ಕ್ಷಣ ನಮ್ಮ ಕಡೆ ನೋಡಿದರು. ಈಗ ಹೇಳುತ್ತಾರೆ ಎಂದುಕೊಂಡೆ. ಮೆಟ್ಟಿಲು ಹತ್ತಿ ಹೋದರು. ಪೇಟ ಇಟ್ಟರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮೈಕು ಅವರ ಕೈಗೆ ಬಂತು. ಈಗಲಾದರೂ ಹೇಳುತ್ತಾರೆ ಎಂದುಕೊಂಡೆ.

"ತುಂಬಾ ಧನ್ಯವಾದ" ಎಂದರು ಗಂಡ. "ಇದರಲ್ಲಿ ನನ್ನ ಹೆಂಡತಿಯ ಸಹಕಾರವೂ ಉಂಟು."

ಸಹಕಾರ!

ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಹೆಂಗಸೊಬ್ಬರು ಹಿಂದೆ ತಿರುಗಿ, "ಹೆಂಡತೀನ ಮರೀಲಿಲ್ಲ ನೋಡಿ, ಎಷ್ಟು ದೊಡ್ಡ ಮನಸ್ಸು" ಎಂದರು. ಅಕ್ಕ ನನ್ನ ಕೈಯಿಂದ ತಮ್ಮ ಕೈ ಬಿಡಿಸಿಕೊಂಡು ಸೆರಗಿನಿಂದ ಬೆರಳು ಒರೆಸಿಕೊಳ್ಳತೊಡಗಿದರು. ಕೈಯಲ್ಲಿ ಎಣ್ಣೆ ಇರಲಿಲ್ಲ. ಒಂದೊಂದೇ ಬೆರಳು, ಬುಡದಿಂದ ತುದಿಯವರೆಗೆ.

ಅಧ್ಯಕ್ಷರು ಬಿಡಲಿಲ್ಲ. "ಸಾರ್ ಈಗ ನಮ್ಮೆಲ್ಲರ ಮುಂದೆ ಕಾರ್ ಸ್ಟಾರ್ಟ್ ಮಾಡ್ತಾರೆ! ಯಲ್ಲಾ ಸಾರ್!" ಗಂಡ ಬೇಡ ಬೇಡ ಎಂದರು. ಜನ ಎಳೆದುಕೊಂಡು ಹೋಗಿ ಕೂರಿಸಿದರು. ಶಾಲು ಸ್ಟಿಯರಿಂಗಿಗೆ ಸಿಕ್ಕಿಕೊಂಡಿತು. ಕೀಲಿ ತಿರುಗಿಸಿದರು. ಏನೂ ಆಗಲಿಲ್ಲ. ಪಾಠಕ್ಕೆ ಬರುವ ಮಕ್ಕಳು ಮುಟ್ಟಿ ಶುರುಮಾಡಬಾರದು ಅಂತ ಅಕ್ಕ ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಬ್ಯಾಟರಿಯ ಒಂದು ಸ್ವಿಚ್ಚು ಇಟ್ಟಿದ್ದರು. ಅದು ನನಗೆ ಗೊತ್ತಿತ್ತು, ಪಾಠದ ಮಕ್ಕಳಿಗೂ ಗೊತ್ತಿತ್ತು. ಗಂಡನಿಗೆ ಗೊತ್ತಿರಲಿಲ್ಲ. ಮತ್ತೆ ತಿರುಗಿಸಿದರು, ಮತ್ತೆ. ಪೇಟ ಕಣ್ಣಿನ ಮೇಲೆ ಜಾರಿತು.

ಅಕ್ಕ ಕೂತೇ ಇದ್ದರು. ನಾನೂ ಏಳಲಿಲ್ಲ. ನನಗೆ ಒಳಗೊಳಗೇ ಸಂತೋಷವಾಗುತ್ತಿತ್ತು.

ಆಗ ಯಾರೋ ಹಿಂದಿನಿಂದ ಕೂಗಿದರು: "ಬರೀ ಶೋಪೀಸ್ ಸಾರ್ ಇದು! ತಳ್ಳೋಣ್ವಾ?" ಜನ ನಕ್ಕರು. ಒಬ್ಬ ಕಾರಿನ ಮೂತಿಯ ಮೇಲೆ ಬಡಿದು, "ಪ್ಲಾಸ್ಟಿಕ್ ಗುರೂ" ಎಂದ.

ಗಂಡನನ್ನು ನೋಡಿ ನಕ್ಕಿದ್ದರೆ ಅಕ್ಕ ಸುಮ್ಮನಿರುತ್ತಿದ್ದರೋ ಏನೋ. ಕಾರನ್ನು ನೋಡಿ ನಕ್ಕದ್ದನ್ನು ಅವರಿಂದ ತಡೆಯಲಾಗಲಿಲ್ಲ. ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಹಗ್ಗ ಎತ್ತಿ ಒಳಗೆ ಹೋಗಿ ಬಾಗಿಲಿನ ಬಳಿ ನಿಂತು ಒಂದೇ ಮಾತು ಹೇಳಿದರು.

"ಇಳೀರಿ."

ಗಂಡ ಇಳಿದರು. ಅಕ್ಕ ಕೂತರು, ಕೈ ಕೆಳಗೆ ಹೋಯಿತು, ಎಂಜಿನ್ ಗುಡುಗಿತು. ಮೂತಿಗೆ ಬಡಿದವನು ಎರಡು ಹೆಜ್ಜೆ ಹಿಂದೆ ಹಾರಿದ. "ಮಕ್ಕಳನ್ನು ಹಿಡ್ಕೊಳ್ಳಿ!" ಎಂದು ಕೂಗಿ ಅಕ್ಕ ಹೊರಟರು. ಹಗ್ಗದೊಳಗಿನ ಮೈದಾನವನ್ನು ಒಂದು ಸುತ್ತು, ಎರಡು ಸುತ್ತು. ಎರಡನೇ ಗೇರು ಬಿತ್ತು. ಉದ್ದನೆಯ ಬದಿಯಲ್ಲಿ ಮೂರನೆಯದೂ ಬಿತ್ತು. ನೀಲಿ ಸೀರೆ ಗಾಳಿಗೆ ಹಾರುತ್ತಿತ್ತು, ಧೂಳು ಎದ್ದು ವೇದಿಕೆಯನ್ನೇ ಮುಚ್ಚಿತು. ಅಧ್ಯಕ್ಷರು ಮೈಕಿನಲ್ಲಿ ಏನೋ ಹೇಳುತ್ತಿದ್ದರು, ಯಾರಿಗೂ ಕೇಳಲಿಲ್ಲ. ಅಕ್ಕ ನಿಲ್ಲಿಸಲಿಲ್ಲ. ವಂದನಾರ್ಪಣೆಯ ಭಾಷಣ ಆ ಸದ್ದಿನಲ್ಲೇ ಶುರುವಾಗಿ ಆ ಸದ್ದಿನಲ್ಲೇ ಮುಗಿಯಿತು. ನಾನು ಕುರ್ಚಿಯ ಮೇಲೆ ಹತ್ತಿ ನಿಂತು, ಗಂಟಲು ಹರಿಯುವ ಹಾಗೆ "ಅಕ್ಕಾ! ಅಕ್ಕಾ!" ಎಂದು ಕೂಗುತ್ತಿದ್ದೆ.

ಇನ್ನು ಎಲ್ಲರಿಗೂ ಗೊತ್ತಾಯಿತು, ಸಾಕು ಎಂದುಕೊಂಡು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಗುಂಪಿನಲ್ಲಿ ಫೋಟೋ ಬಂತು. ಸ್ಟಿಯರಿಂಗ್ ಹಿಡಿದ ಅಕ್ಕ, ಹಾರುವ ಸೆರಗು. ಅಡಿಬರಹ: "ಪತಿ ನಿರ್ಮಿಸಿದ ಕಾರಿನಲ್ಲಿ ಶ್ರೀಮತಿಯವರ ಮೋಜಿನ ಸವಾರಿ!"

ನಾನು ಆಫೀಸಿಗೆ ಹೋಗುವ ಮೆಟ್ರೋದಲ್ಲಿ ನಿಂತೇ ಉದ್ದ ಉತ್ತರ ಬರೆದೆ. ಆ ಕಾರನ್ನು ಕಟ್ಟಿದ್ದು ಯಾರು, ವೈರು ಬಿಡಿಸಿದ್ದು ಯಾರು, ಬ್ರೇಕು ಕೂರಿಸಿದ್ದು ಯಾರು, ಎಲ್ಲವನ್ನೂ ಬರೆದೆ. ಕೆಳಗೆ ಹೆಬ್ಬೆರಳಿನ ಚಿತ್ರಗಳು ಬಂದವು. "ಸೂಪರ್ ಮೇಡಂ, ಹೆಣ್ಮಕ್ಕಳ ಒಗ್ಗಟ್ಟು ಅಂದ್ರೆ ಇದು" ಎಂದು ಅಧ್ಯಕ್ಷರು ಹಾಕಿ, ನಗುವ ಮುಖ ಸೇರಿಸಿದರು. ಅಷ್ಟೇ. ಯಾರೂ ಜಗಳಕ್ಕೂ ಬರಲಿಲ್ಲ. ಜಗಳಕ್ಕಾದರೂ ಬಂದಿದ್ದರೆ!

ಅಕ್ಕ ಗಂಡನ ಜೊತೆ ಮಾತು ಬಿಡುತ್ತಾರೆ ಎಂದು ನಾನು ಎಣಿಸಿದ್ದೆ. ಹಾಗಾಗಲಿಲ್ಲ. ಮುಂದಿನ ಶುಕ್ರವಾರ ಬ್ಯಾಡ್ಮಿಂಟನ್‌ಗೆ ಹೊರಟಿದ್ದ ಅವರನ್ನು ಅಂಗಳದಲ್ಲೇ ತಡೆದು ಹಳೆಯ ಪ್ಯಾಂಟು ಹಾಕಿಸಿದರು. "ಬನ್ನಿ, ಸಹಕಾರ ಕೊಡಿ. ಕಾರಿನಡಿಗೆ ಹೋಗಿ." ಆವತ್ತಿನಿಂದ ಪ್ರತಿ ಶುಕ್ರವಾರ ಅದೇ. ಬೋಲ್ಟು ಬಿಗಿಸುವುದು, ಎಣ್ಣೆ ಬದಲಿಸುವುದು. ಎಲ್ಲ ಭಾಗಗಳ ಹೆಸರು ಹೇಳಿಸುತ್ತಿದ್ದರು, ತಪ್ಪಿದರೆ ಮತ್ತೆ ಹೇಳಿಸುತ್ತಿದ್ದರು. ಗಂಡ ಹೇಳಿದ್ದನ್ನೆಲ್ಲ ಮಾಡುತ್ತಿದ್ದರು. ನಾನು ಮೇಲಿನಿಂದ ನೋಡುತ್ತ, ಇದು ಕ್ಷಮೆಯೋ ಶಿಕ್ಷೆಯೋ ತಿಳಿಯದೆ ಹಲ್ಲು ಕಡಿಯುತ್ತಿದ್ದೆ.

"ನಿಮಗೆ ಸಿಟ್ಟೇ ಇಲ್ವಾ ಅಕ್ಕ?" ಎಂದು ಕೇಳಿಯೂ ಬಿಟ್ಟೆ.

"ಉಂಟು. ಅದಕ್ಕೇ ಕಲಿಸುದು. ಇನ್ನೊಂದು ಸಲ ಇವ್ರು ವೇದಿಕೆ ಹತ್ತಿದ್ರೆ ಎಂತ ಬಿಟ್ಟುಹೋಯ್ತು ಅಂತಾದ್ರೂ ಗೊತ್ತಿರ್ಲಿ."

ಮರುವರ್ಷ ಗಂಡನ ಕೆಲಸ ಮುಗಿಯಿತು. ಊರಿಗೆ ಹೊರಡಬೇಕು. ಕಾರನ್ನು ಕೊಂಡೊಯ್ಯಲು ಆಗುವ ಹಾಗಿರಲಿಲ್ಲ. ಯಾರಿಗೂ ಮಾರುವುದಿಲ್ಲ, ಬಿಚ್ಚುತ್ತೇನೆ ಎಂದರು ಅಕ್ಕ. ನಾನು ರಜೆ ಹಾಕಿ ಕೆಳಗಿಳಿದೆ. ಫೈಬರಿನ ಹೊದಿಕೆ ಬಿಚ್ಚಿ ಗೋಡೆಗೆ ಒರಗಿಸಿದೆವು. ಚಕ್ರಗಳನ್ನು ಕಳಚಿ ಚೌಕಟ್ಟನ್ನು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದ ಮೇಲೆ ಅಕ್ಕ ಆಕ್ಸಲ್ ಇಳಿಸಲು ಅದರಡಿಗೆ ಹೋದರು. ಗಂಡ ಪಕ್ಕದಲ್ಲಿ ಕೂತು ಸ್ಪ್ಯಾನರ್ ಕೊಡುತ್ತಿದ್ದರು.

ಅಷ್ಟರಲ್ಲಿ ಗೇಟಿನ ಹೊರಗೆ ಲಾರಿ ನಿಂತ ಸದ್ದಾಯಿತು. ಅಧ್ಯಕ್ಷರು ಇಬ್ಬರನ್ನು ಕರೆದುಕೊಂಡು ಒಳಗೆ ಬಂದರು.

"ಇದೇನ್ ಸಾರ್ ಇದು! ಸಂಘಕ್ಕೆ ಕೊಡಿ, ಆಫೀಸಿನ ಮುಂದೆ ಪರ್ಮನೆಂಟಾಗಿ ಇಡ್ತೀವಿ, ನಿಮ್ಮ ಹೆಸರಿನ ಬೋರ್ಡ್ ಹಾಕ್ತೀವಿ ಅಂತ ಹೇಳಿದ್ನಲ್ಲ ಫೋನಲ್ಲಿ? ನೋಡುವ ಅಂದ್ರಲ್ಲ ನೀವು?"

ನನ್ನ ರಕ್ತ ಕುದಿಯಿತು. ಮತ್ತೆ "ನೋಡುವ" ಎಂದಿದ್ದಾರೆ! ಇಲ್ಲ ಎನ್ನುವ ಒಂದು ಶಬ್ದ ಈ ಮನುಷ್ಯನ ಬಾಯಲ್ಲಿ ಹುಟ್ಟುವುದೇ ಇಲ್ಲ. ಕಾರಿನಡಿಯಲ್ಲಿ ಸ್ಪ್ಯಾನರಿನ ಸದ್ದು ನಿಂತಿತು.

ಗಂಡ ಮೆಲ್ಲನೆ ಎದ್ದರು. ಕೈಯಲ್ಲಿದ್ದ ಬೋಲ್ಟನ್ನು ಡಬ್ಬಿಗೆ ಹಾಕಿದರು. ನೆಲ ನೋಡುತ್ತ ಏನೋ ಅಂದರು. ಅಧ್ಯಕ್ಷರು "ಆಂ?" ಎಂದರು.

"ಅದು ನನ್ನದಲ್ಲ, ಕೊಡ್ಲಿಕ್ಕೆ" ಎಂದರು ಗಂಡ. "ಅವಳು ಕಟ್ಟಿದ್ದು."

ಆಮೇಲೆ ಚೌಕಟ್ಟಿನ ಅಡಿಯಿಂದ ದನಿ ಬಂತು.

"ಸ್ವಲ್ಪ ಗಟ್ಟಿ ಹೇಳಿ. ಇಲ್ಲಿ ಕೇಳುದಿಲ್ಲ."

ಗಂಡ ಗಂಟಲು ಸರಿಮಾಡಿಕೊಂಡರು. "ಈ ಕಾರು ನಾನು ಕಟ್ಟಿದ್ದಲ್ಲ. ನನ್ನ ಹೆಂಡತಿ ಕಟ್ಟಿದ್ದು."

"ಇನ್ನೂ ಗಟ್ಟಿ. ಆವತ್ತು ಮೈಕ್ ಇತ್ತು."

ಅವರು ಕೂಗಿದರು. ಮೆದು ಮಾತಿನ ಆ ಮನುಷ್ಯ, ಕತ್ತಿನ ನರ ಉಬ್ಬುವ ಹಾಗೆ, ಅಂಗಳದ ನಡುವೆ ನಿಂತು ಕೂಗಿದರು. ಪಕ್ಕದ ಭಾಗದ ಮಲಯಾಳಿ ಹೆಂಗಸು ಬಾಗಿಲು ತೆಗೆದು ನೋಡಿದಳು. ಗೋಡೆಯಾಚೆಯ ಮನೆಯಲ್ಲಿ ಯಾರದೋ ಕಿಟಕಿ ತೆರೆಯಿತು. ಅಧ್ಯಕ್ಷರು, "ಆಯ್ತು ಬಿಡಿ ಸಾರ್, ಖಲಾಸ್, ಫ್ಯಾಮಿಲಿ ಮ್ಯಾಟರ್" ಎನ್ನುತ್ತ ತಮ್ಮ ಜನರನ್ನು ಕರೆದುಕೊಂಡು ಹೊರಟರು. ಐನೂರು ಜನರ ಮುಂದೆ ಹೇಳಬೇಕಾದದ್ದನ್ನು ಕೇಳಿದವರು ನಾವು ಐದಾರು ಮಂದಿ. ಹೋದವರು ಅದನ್ನು ಎಲ್ಲೂ ಹೇಳಲಿಲ್ಲ.

ಗಂಡನ ಉಸಿರು ಏರಿತ್ತು. ಮೊಣಕಾಲೂರಿ ಬಗ್ಗಿ, ಅಡಿಯಲ್ಲಿದ್ದ ಹೆಂಡತಿಯ ಮುಖ ನೋಡಿ ಕೇಳಿದರು:

"ಸಾಕಾ?"

"ಸಾಲದು" ಎಂದರು ಅಕ್ಕ. "ಆ ಬದಿ ಹಿಡೀರಿ. ಆಕ್ಸಲ್ ಕೆಳಗೆ ಬರ್ತಾ ಉಂಟು."